ಟಿವಿಯ ಬೆನ್ನು

ರೀ,

ಅನ್ನ, ಸಾರು ಒಲೆಯ ಮೇಲಿದೆ. ತಿಂದ ತಟ್ಟೆಯನ್ನು ನೀವೇ ತೊಳೆದಿಡಿ.

ಕೇಬಲ್ ತೆಗೆಸಿ ಆಂಟೆನಾ ತಂದಿರಿ. "ಊರಿನ ಚಾನೆಲ್ ಎಲ್ಲಾ ಪುಕ್ಕಟೆ ಬರುತ್ತೆ ಕಣೇ" ಅಂದಿರಿ. ಬಂತು, ನಾನು ಕಿಟಕಿಯ ಹತ್ತಿರ ಅದನ್ನು ಎತ್ತಿ ಹಿಡಿದು ನಿಂತಾಗ ಮಾತ್ರ. ಆ ಕಿಟಕಿ ಇರುವುದೋ ಟಿವಿಯ ಹಿಂದೆ.

ನಿನ್ನೆ ಸಂಜೆ ವಾರ್ತೆಯಲ್ಲಿ ನಮ್ಮ ಆಸ್ಪತ್ರೆಯ ನರ್ಸ್‌ಗಳನ್ನು ತೋರಿಸಿದರು. ಇಪ್ಪತ್ತೆರಡು ವರ್ಷ ದುಡಿದ ಮೇಲೆ ಮೊದಲ ಸಲ ಯಾರೋ ನನ್ನ ಮುಂದೆ ಮೈಕ್ ಹಿಡಿದಿದ್ದರು. ನನ್ನ ದನಿ ಕೇಳಿಸಿತೆಂದು ಸ್ವಲ್ಪ ಬಗ್ಗಿ ಇಣುಕಿದೆ. "ಅಲ್ಲಾಡಬೇಡ್ವೇ, ಚಿತ್ರ ಹೋಗುತ್ತೆ!" ಎಂದು ಗದರಿದಿರಿ. ಟಿವಿಯ ಬೆನ್ನು ನೋಡುತ್ತಾ ನನ್ನ ಮಾತನ್ನು ನಾನೇ ಕೇಳಿಸಿಕೊಂಡೆ. ಮುಗಿದ ಮೇಲೆ "ಹೇಗೆ ಕಂಡೆ?" ಎಂದರೆ, "ಚಿತ್ರ ಎಲ್ಲೂ ಒಡೀಲಿಲ್ಲ" ಅಂದಿರಿ.

ಅಕ್ಕನ ಮನೆಗೆ ಹೋಗುತ್ತಿದ್ದೇನೆ. ಆ ವಾರ್ತೆ ಅವಳ ಫೋನಿನಲ್ಲಿ ಮತ್ತೆ ಸಿಗುತ್ತದಂತೆ. ಕೂತು ನೋಡುತ್ತೇನೆ. ಯಾವಾಗ ಬರುತ್ತೀ ಎಂದು ಫೋನ್ ಮಾಡಬೇಡಿ.

ಬಟ್ಟೆ ಒಣಗಿಸುವ ಸ್ಟ್ಯಾಂಡಿಗೆ ಆಂಟೆನಾ ಕಟ್ಟಿ, ನಾನು ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲಿಸಿದ್ದೇನೆ. ಹಾಕಿ ನೋಡಿದೆ, ಎಲ್ಲಾ ಚಾನೆಲ್ ಬರುತ್ತವೆ. ಅದಕ್ಕೆ ಕೈ ಸೋಲುವುದಿಲ್ಲ. ತನ್ನ ಮುಖ ನೋಡಿಕೊಳ್ಳುವ ಆಸೆಯೂ ಇಲ್ಲ.