ಹಳೇ ಓನರಿಗೊಂದು ಫೋನು

ಭಾನುವಾರ, ೧೨ ನವೆಂಬರ್

ಪ್ರೀತಿಯ ಮರಿಗೆ,

ಅಮ್ಮನ ಆಶೀರ್ವಾದಗಳು. ಮಂಡಿ ಒಂದನ್ನು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಬರೆಯುತ್ತೇನೆ ಬರೆಯುತ್ತೇನೆ ಅಂದು ತಿಂಗಳು ಕಳೆದೇಹೋಯಿತು, ಬೈಕೋಬೇಡ. ಫೋನಿನಲ್ಲೇ ಹೇಳೋಣವೆಂದರೆ ಈಚೆಗೆ ನೀನು ಎತ್ತಿದ ತಕ್ಷಣ "ಆಮೇಲೆ ಮಾಡ್ತೀನಮ್ಮ" ಅನ್ನುತ್ತೀಯ. ನನ್ನ ಹೊಟ್ಟೆಯಲ್ಲಿ ಇಷ್ಟೊಂದು ಸಿಟ್ಟಿರುವಾಗ ಆಮೇಲೆ ಅಂದರೆ ಹೇಗೆ?

ನಿಮ್ಮಪ್ಪ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ಮಹಡಿಗೆ ಸುಣ್ಣಬಣ್ಣ ಮಾಡಿಸಿ ಬಾಡಿಗೆಗೆ ಕೊಡಲು ಹೊರಟೆ ನೋಡು, ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು. ನಾನು ಕೆಳಗೆ ಒಬ್ಬಳೇ ಇರುವವಳು. ತಲೆಯ ಮೇಲೆ ಓಡಾಡುವವರು ನಂಬಿಕಸ್ತರಾಗಿರಬೇಕು, ಇಷ್ಟೇ ನನ್ನ ಆಸೆ. ಆದರೆ ಗೇಟಿಗೆ ಬೋರ್ಡು ತೂಗುಹಾಕಿದ್ದೇ ತಡ, ಬಂದವರೆಲ್ಲ ನನ್ನನ್ನೇ ಪರೀಕ್ಷೆ ಮಾಡಲು ಶುರುಮಾಡಿದರು!

ಮೊದಲು ಬಂದವನು ವಿಮಾ ಏಜೆಂಟು. ಗೋಡೆಗಳನ್ನು ಬೆರಳಿನಿಂದ ಕುಟ್ಟಿದ, ಬಚ್ಚಲ ನಲ್ಲಿಗಳನ್ನೆಲ್ಲ ತಿರುಗಿಸಿ ಹಾಗೇ ಬಿಟ್ಟ, ಕೊನೆಗೆ "ಮನೇಲಿ ಗಂಡಸರು ಯಾರೂ ಇಲ್ವಾ? ಮಾತಾಡಬೇಕಿತ್ತು" ಅಂದ. "ಇಲ್ಲಿ ಗಂಡಸೂ ನಾನೇ, ಮಾತಾಡಿ" ಅಂದೆ. ಮುಖ ಸಿಂಡರಿಸಿಕೊಂಡು ಹೋದ. ನಲ್ಲಿ ನಿಲ್ಲಿಸಲು ನಾನೇ ಮತ್ತೆ ಮೆಟ್ಟಿಲು ಹತ್ತಬೇಕಾಯಿತು.

ಆಮೇಲೆ ಗಂಡ ಹೆಂಡತಿ ಬಂದರು. ಗಂಡನದು ಬೆಣ್ಣೆಯಂಥ ಮಾತು. ನಾನೂ ಮರುಳಾಗಿ ಬೀಗದ ಕೈ ಕೊಡುವುದರಲ್ಲಿದ್ದೆ, ಎದುರುಮನೆ ವಕೀಲರು ತಡೆದರು. "ಸಿಸ್ಟರ್, ಬೆಳ್ಳಗಿರೋದೆಲ್ಲ ಹಾಲಲ್ಲ. ಹಳೇ ಓನರಿಗೊಂದು ಫೋನ್ ಮಾಡಿ" ಅಂದರು. ಮಾಡಿದೆ. ಆ ಪುಣ್ಯಾತ್ಮ ಅಳುವುದೊಂದು ಬಾಕಿ. "ಹೋಗುವಾಗ ಫ್ಯಾನು, ಚಿಲಕ, ಎಲ್ಲಾ ಬಿಚ್ಕೊಂಡು ಹೋದ್ರು ಮೇಡಂ. ಫ್ಯಾನು ಇಳಿಸೋಕೆ ಏಣಿ ನಮ್ಮ ಹತ್ರಾನೇ ಕೇಳಿ ಇಸ್ಕೊಂಡ್ರು!" ಅಂದ. ಹಾಡಹಗಲೇ ಇಂಥ ದರೋಡೆ! ಅಂದಿನಿಂದ ಹಳೇ ಓನರ ನಂಬರು ಕೊಡದವರನ್ನು ನಾನು ಕೂರಿಸುವುದೇ ಇಲ್ಲ.

ಮೊನ್ನೆ ಬಂದವಳ ಕಥೆ ಕೇಳು, ಮೈಯೆಲ್ಲ ಉರಿದುಹೋಯಿತು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸವಂತೆ, ವಯಸ್ಸು ನಿನ್ನಷ್ಟೇ ಇರಬಹುದು. ಕಿಟಕಿ ಯಾವ ಕಡೆ, ನೀರು ಯಾವಾಗ ಬರುತ್ತದೆ ಎಂದು ಮೆತ್ತಗೆ ಕೇಳಿದಳು. ನಂಬರೂ ಕೊಟ್ಟಳು. ನಾನೋ ಹೆರಿಗೆ ವಾರ್ಡಿನಲ್ಲಿ ಜೀವ ಸವೆಸಿದ ನರ್ಸು. ಯಾರೇ ಬರಲಿ, ಪೂರ್ತಿ ವಿಚಾರಿಸಿಯೇ ಹಾಸಿಗೆ ಕೊಟ್ಟವಳು. ಅದೇ ವರಸೆಯಲ್ಲಿ ಶುರುಮಾಡಿದೆ. ಮದುವೆ ಆಗಿದೆಯಾ? ಆಗಿದೆ. ಗಂಡ ಎಲ್ಲಿ? ಬೇರೆ ಇದ್ದಾರೆ. ಯಾಕೆ? ತಪ್ಪು ಯಾರದು? ಅಪ್ಪ ಅಮ್ಮ ಇಲ್ಲವಾ, ಅವರ ಹತ್ತಿರ ಯಾಕೆ ಹೋಗಲಿಲ್ಲ? ಅವಳು ಚೀಲ ಹೆಗಲಿಗೇರಿಸಿ ಎದ್ದಳು. "ಆಂಟಿ, ನಾನು ಮನೆ ಕೇಳೋಕೆ ಬಂದಿದ್ದು" ಅಂದಳು.

ಎಷ್ಟು ಕೊಬ್ಬು ನೋಡು! ನನ್ನ ಕುರ್ಚಿಯಲ್ಲಿ ಕೂತು ನನಗೇ! "ಹಾಗಾದ್ರೆ ಬೇರೆ ಕಡೆ ನೋಡ್ಕೊಳ್ಳಮ್ಮ" ಅಂದು ಗೇಟಿನಾಚೆ ಕಳಿಸಿಯೇ ಒಳಗೆ ಬಂದೆ. ಗಂಡನೂ ಬೇಡ, ಹೆತ್ತವರೂ ಬೇಡ, ದೊಡ್ಡವರು ಒಂದು ಮಾತು ಕೇಳಿದರೆ ಮೂಗಿನ ತುದಿಯಲ್ಲಿ ಕೋಪ. ನೀನಾದರೂ ನನ್ನ ಮಾತು ಒಪ್ಪುತ್ತೀಯ ಬಿಡು.

ಇನ್ನೇನು ಬರೆಯಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಿಯಂದಿರ ಆ ಹಾಳು ಕೆಮ್ಮು ಹೋಯಿತೇ? ಇಬ್ಬರೂ ನಗುನಗುತ್ತಾ ನೂರು ಕಾಲ ಬಾಳಿ.

ಇಂತಿ ನಿನ್ನ,
ಅಮ್ಮ

ತಾ. ಕ.: ಸೋಮವಾರ. ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಫೋನು ಬಂತು. ನಿಮ್ಮ ಊರಿನ ಯಾರೋ ಗಂಡಸು. "ಮೇಡಂ, ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡೋರು ನಿಮ್ಮ ಮನೇಲಿ ಬಾಡಿಗೆಗಿದ್ರಂತಲ್ಲ? ಈಗ ನಮ್ಮಲ್ಲಿ ರೂಮ್ ಕೇಳ್ತಿದ್ದಾರೆ. ಹಳೇ ಓನರ್ ಅಂತ ನಿಮ್ಮ ನಂಬರ್ ಕೊಟ್ರು" ಅಂದು ನಿನ್ನ ಹೆಸರು ಹೇಳಿದ. ರಾಂಗ್ ನಂಬರ್ ಅನ್ನಲು ಬಾಯಿ ತೆರೆದವಳು "ಹೌದು, ಇದ್ಲು" ಅಂದೆ.

"ಗಂಡನ್ನ ಬಿಟ್ಟು ಬಂದಿದ್ದಾರಂತೆ. ತಪ್ಪು ಯಾರದು, ನಿಮಗೇನಾದ್ರೂ ಗೊತ್ತಾ?" ಅಂದ.

"ಅದೆಲ್ಲಾ ನಿಮಗ್ಯಾಕ್ರೀ? ಮನೆ ಕೊಡೋದಾದ್ರೆ ಕೊಡಿ. ಅಂಥ ಹುಡುಗಿ ನಿಮಗೆ ಹುಡುಕಿದ್ರೂ ಸಿಗಲ್ಲ" ಎಂದು ಗದರಿದೆ.

"ಅಷ್ಟು ಒಳ್ಳೆಯವರಾದ್ರೆ ನೀವ್ಯಾಕೆ ಕಳ್ಸಿದ್ರಿ?" ಅಂದ. ಫೋನಿಟ್ಟುಬಿಟ್ಟೆ.

ನೀನು ಗಂಡನನ್ನು ಬಿಟ್ಟಿದ್ದಕ್ಕೆ ನನಗೆ ಸಿಟ್ಟಿಲ್ಲ ಮರಿ. ಕಾರಣವನ್ನೂ ಕೇಳುವುದಿಲ್ಲ. ಆದರೆ ಹೆತ್ತವಳನ್ನು ಓನರ್ ಮಾಡಿಬಿಟ್ಟೆಯಲ್ಲ! ಅಮ್ಮನ ಹತ್ತಿರ ಹೋದರೆ ಮೊದಲು ವಿಚಾರಣೆ, ಆಮೇಲೆ ಮನೆ ಅಂದುಕೊಂಡೆಯಾ? ಮೇಲೆ ಬರೆದದ್ದನ್ನು ಓದಿಕೊಂಡರೆ ನನಗೇ ನಾಚಿಕೆಯಾಗುತ್ತದೆ, ಆದರೂ ಹರಿದಿಲ್ಲ. ಅಂಗಡಿಯ ವಿಳಾಸಕ್ಕೇ ಹಾಕುತ್ತಿದ್ದೇನೆ. ಆ ಮನುಷ್ಯನಿಗೆ ಕೊಡದ ಉತ್ತರವನ್ನು ನಿನಗೆ ಕೊಡುತ್ತೇನೆ. ನಾನು ಯಾವತ್ತೂ ನಿನಗೆ ಮನೆ ಖಾಲಿ ಮಾಡು ಅಂದಿಲ್ಲ ಕಣೇ.