ಮೂವತ್ತು ವರುಷಗಳ ಆಚೆಯ ಕಲ್ಲು

ಪುಂಜಾಲಕಟ್ಟೆ
೧೪ ಮಾರ್ಚ್ ೧೯೯೮, ಶನಿವಾರ

ಮಗಳು ಜುಲೈಕಾಳಿಗೆ ಬಾಪನ ಸಲಾಂ.

ಒಂಬತ್ತು ವರುಷಗಳ ಅನಂತರ ನನ್ನ ಕೈಬರಹವನ್ನು ಕಂಡು ನೀನು ಬೆಚ್ಚಬಹುದು. ನಾನಂತೂ ನಿನ್ನೆಯಿಂದ ಬೆಚ್ಚಿಯೇ ಇದ್ದೇನೆ.

ದೊಡ್ಡ ಕ್ಷುದ್ರಗ್ರಹವೊಂದು ೨೦೨೮ರಲ್ಲಿ ಭೂಮಿಗೆ ಅಪ್ಪಳಿಸುವ ಸಂಭವವಿದೆಯೆಂಬ ಸುದ್ದಿಯನ್ನು ನಿನ್ನೆ ಬೆಳಗ್ಗೆ, ಎಂದಿನಂತೆ, ನಿನ್ನ ಉಮ್ಮನಿಗೆ ಓದಿ ಹೇಳಿದೆ. ಅವಳು ಅಕ್ಕಿಯನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಕೂಡಿಡಲಿಲ್ಲ. ಹಜ್ಜ್ ಯಾತ್ರೆಗೆ ಹೊರಟವರಂತೆ ಮನೆಮನೆಗೆ ಹೋಗಿ, ತಿಳಿದೂ ತಿಳಿಯದೆಯೂ ಮಾಡಿದ ತಪ್ಪುಗಳಿಗೆ ಕ್ಷಮೆ ಬೇಡತೊಡಗಿದಳು. ಇನ್ನೂ ಮೂವತ್ತು ವರುಷಗಳಿವೆಯೆಂದು ನಾನು ನಕ್ಕೆ. "ಅಷ್ಟರವರೆಗೆ ನಾವು ಇರ್ತೇವಾ? ಕಲ್ಲು ಬಿದ್ದ ಮೇಲೆ ಕೇಳ್ಲಿಕ್ಕೆ ಯಾರು ಉಂಟು? ನಗಾಡ್ಬೇಡಿ ನೀವು" ಎಂದಳು.

ಸಂಜೆ ಅಂಗಳದಿಂದಲೇ ನನ್ನನ್ನು ಕರೆದಳು. ಕೈಯಲ್ಲೊಂದು ಬಿಸ್ಕತ್ತಿನ ಡಬ್ಬಿ. "ಎಲ್ಲರದ್ದೂ ಆಯ್ತು, ನಿಮ್ಮದೊಂದು ಬಾಕಿ. ಒಳಗೆ ತರ್ಲಿಲ್ಲ, ನಿಮ್ಮ ಮಾತು ಮೀರ್ಲಿಲ್ಲ ನಾನು."

ಡಬ್ಬಿಯ ತುಂಬ ನಿನ್ನ ಕಾಗದಗಳು.

ನಾನು ನಿಶ್ಚಯಿಸಿದ ವರನನ್ನು ಒಲ್ಲದೆ ನೀನು ಮೂಡುಬಿದಿರೆಯ ದರ್ಜಿ ಹಾರಿಸನನ್ನು ಮದುವೆಯಾದಾಗ, ನಿನ್ನ ಕಾಗದವೂ ಈ ಹೊಸ್ತಿಲು ದಾಟಕೂಡದು ಎಂದಿದ್ದೆ. ದಾಟಲಿಲ್ಲ. ಎಲ್ಲವೂ ರುಕ್ಮಯ್ಯನ ಅಂಗಡಿಗೆ ಬಂದವು. ಅವನು ಓದಿದ, ಇವಳು ಕೇಳಿದಳು. ಇವಳು ಹೇಳಿದಳು, ಅವನು ಬರೆದ. ಇದೆಲ್ಲ ನಿನಗೆ ತಿಳಿದದ್ದೇ. ತಿಳಿಯದೆ ಇದ್ದವನು ನಾನೊಬ್ಬನೇ. ರುಕ್ಮಯ್ಯನಿಗೆ ಅಕ್ಷರ ತಿದ್ದಿಸಿದವನೂ ನಾನೇ. ಈ ಪೇಟೆಯ ಅರ್ಧ ಜನರಿಗೆ ಓದು ಕಲಿಸಿದ ನಾನು, ಹೆಂಡತಿಗೂ ಅದು ಬೇಕಾದೀತೆಂದು ಒಂದು ದಿನವೂ ಎಣಿಸಲಿಲ್ಲ.

ಜಗಲಿಯಲ್ಲಿ ಕುಳಿತು ಒಂದೊಂದನ್ನೂ ಓದಿದೆ. ಶಹಲಾ ಎಂಬ ಮೊಮ್ಮಗಳು ನನಗಿದ್ದಾಳೆಂಬುದನ್ನು ಅವಳಿಗೆ ಏಳು ವರುಷ ತುಂಬಿದ ಮೇಲೆ ತಿಳಿದೆ. ಮೊದಲನೆಯ ಕಾಗದದಲ್ಲೇ ನೀನು ಕ್ಷಮೆ ಕೇಳಿದ್ದೆ. ಮಗಳು ಒಂದು ಅಕ್ಷರವನ್ನೂ ಬರೆಯಲಿಲ್ಲವೆಂದು ನಾನು ಈ ಒಂಬತ್ತು ವರುಷ ಕೋಪವನ್ನು ಸಾಕಿಕೊಂಡು ಬಂದೆ.

ನನ್ನನ್ನು ಮನ್ನಿಸು, ಮಗಳೇ. ಬರುವ ವಾರ, ಇಪ್ಪತ್ತೆರಡನೆಯ ತಾರೀಕಿನ ಆದಿತ್ಯವಾರ, ಹಾರಿಸನನ್ನೂ ಶಹಲಾಳನ್ನೂ ಕರೆದುಕೊಂಡು ಬಾ. ಹೊಸ್ತಿಲ ಬಳಿ ನಾನೇ ನಿಂತಿರುತ್ತೇನೆ.

ನಿನ್ನ ಬಾಪ,
ಮಹಮ್ಮದ್ ಕುಂಞಿ

ತಾ.ಕ.: ಗಣನೆ ತಪ್ಪಿತ್ತು, ಆ ಕಲ್ಲು ಭೂಮಿಯಿಂದ ಬಹುದೂರ ಸರಿದುಹೋಗುವುದು ಎಂದು ಇಂದಿನ ಪತ್ರಿಕೆಯಲ್ಲಿದೆ. ಅದನ್ನು ನಿನ್ನ ಉಮ್ಮನಿಗೆ ಓದಿ ಹೇಳಿಲ್ಲ. ರುಕ್ಮಯ್ಯನಿಗೂ ಸುಮ್ಮನಿರಲು ಹೇಳಿದ್ದೇನೆ; ಆ ವಿದ್ಯೆಯಲ್ಲಿ ಅವನು ನಿಪುಣನೆಂಬುದು ನಿನ್ನೆ ತಿಳಿಯಿತು. ಅವಳಲ್ಲಿ ನಾನು ಕೇಳಬೇಕಾದ ಕ್ಷಮೆಯನ್ನು ಇನ್ನೂ ಕೇಳಿಲ್ಲ. ಬಾಯಿ ಬರುವವರೆಗೆ ಆ ಕಲ್ಲು ನನಗೆ ಬೇಕು.