ತಾಟಿನ ಅಂಚಿನ ತುತ್ತು

ರಾಯಚೂರು
೧೪ ಡಿಸೆಂಬರ್ ೧೯೪೪

ದೇವದುರ್ಗದ ಗೆಳತಿ ಚನ್ನಮಲ್ಲಮ್ಮನಿಗೆ ಅಮರಮ್ಮನ ಶರಣಾರ್ಥಿಗಳು.

ಸೋಮವಾರ ನಿನ್ನ ಮಗ ಜಂಬಣ್ಣ ಮಾನ್ವಿಯ ಕಚೇರಿಗೆ ರಜೆ ಹಾಕಿ ಬಂದು ನಮ್ಮ ಮಗಳು ಶರಣಮ್ಮನನ್ನು ನೋಡಿಕೊಂಡು ಹೋದ. ಹುಡುಗ ನನಗೆ ಹಿಡಿಸಿದ್ದಾನೆ. ಆದರೆ ನಮ್ಮ ಅತ್ತೆ ಬಸವಂತಮ್ಮ ಈ ಸಂಬಂಧ ಬೇಡವೆಂದು ಕೂತಿದ್ದಾರೆ. ನಮ್ಮವರು ತಾಯಿಯ ಮಾತು ಮೀರುವವರಲ್ಲ. ಕಾರಣ ಬರೆಯಲು ನಾಚಿಕೆ, ಬರೆಯದಿರಲು ಕುತೂಹಲ ಬಿಡುತ್ತಿಲ್ಲ. ಅವನು ತಾಟಿನಲ್ಲಿ ಒಂದು ತುತ್ತು ಶೇಂಗಾ ಹೋಳಿಗೆ ಬಿಟ್ಟು ಎದ್ದ.

ನಿಮ್ಮ ಮನೆಯಲ್ಲೂ ನಮ್ಮ ಹಾಗೆ ಅನ್ನ ಪ್ರಸಾದವೆಂದು ಒಂದಗುಳೂ ಬಿಡದೆ, ಉಂಡ ತಾಟು ತೊಳೆದು ಆ ನೀರನ್ನೂ ಕುಡಿಯುವವರು. ಅದರಲ್ಲೂ ಯುದ್ಧದ ಈ ದಿನಗಳಲ್ಲಿ ಕಾಳು-ಬೆಲ್ಲ ಸಿಗುವುದೇ ಕಷ್ಟ. ಅವನು ಹೊಸ್ತಿಲು ದಾಟಿದ ಮೇಲೆ ಅತ್ತೆಯ ಮಾತು ಶುರುವಾಯಿತು.

"ಪ್ರಸಾದ ಬಿಟ್ಟು ಏಳಾಂವ ನಾಳಿ ಹೇಣ್ತೀನೂ ಬಿಟ್ಟು ಏಳ್ತಾನ. ಬ್ಯಾಡ ಬೇ ಈ ಸಂಬಂಧ."

ಹೊಟ್ಟೆ ತುಂಬಿತ್ತೇನೋ ಎಂದೆ.

"ಇಡೀ ಹೋಳಿಗಿ ತಿಂದಾಂವ್ಗ ತುದಿ ಭಾರ ಆತೇನು?"

ನನಗೆ ಮಾತ್ರ ಆ ತುತ್ತನ್ನು ಎಲ್ಲೋ ಕಂಡ ಹಾಗಿತ್ತು. ಅಂಚಿಗೆ ಸರಿಸಿ ಅಚ್ಚುಕಟ್ಟಾಗಿ ಇಟ್ಟಿದ್ದ. ಸಿಕಂದರಾಬಾದಿನ ಹಾಸ್ಟೆಲಿನಲ್ಲಿ ನಾವಿಬ್ಬರೂ ಹಾಗೆಯೇ ಇಡುತ್ತಿರಲಿಲ್ಲವೇ? ಊಟದ ಹೊತ್ತಿಗೆ ಓದಿಸುತ್ತಿದ್ದ ಆ ಇಂಗ್ಲಿಷ್ ನೀತಿ-ನಡವಳಿಕೆಯ ಪುಸ್ತಕ ನೆನಪಿದೆಯಾ? ಟ್ರಂಕಿನಿಂದ ನನ್ನ ಪ್ರತಿ ತೆಗೆದು ನೋಡಿದೆ. ಅದೇ ಮಾತು. ಒಂದು ತುತ್ತು ಉಳಿಸುವುದು ಸಭ್ಯತೆ, ತಾಟು ಬರಿದು ಮಾಡುವುದು ಹೊಟ್ಟೆಬಾಕತನ.

ನಿನ್ನ ಪ್ರತಿಯನ್ನು ಅವನು ಓದಿದ್ದಾನೆಯೇ? ಹೆಣ್ಣಿನ ತಾಯಿ ಇಂಗ್ಲಿಷ್ ಕಲಿತವಳೆಂದು ನನ್ನನ್ನು ಮೆಚ್ಚಿಸಲು ಹಾಗೆ ಮಾಡಿದನೇ? ನನ್ನ ಬಗ್ಗೆ ನೀನು ಅವನಿಗೆ ಏನೇನು ಹೇಳಿ ಹೆದರಿಸಿದ್ದೀಯೋ! ಅಥವಾ ನಾನು ನಿಜವಾಗಿಯೂ ಹೆದರಿಸುವ ಹಾಗಿದ್ದೇನೆಯೇ?

ಆ ಪುಟವನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಗದ್ದಕ್ಕೆ ಕೈಹಚ್ಚಿ ಕೇಳಿದರು. ಆಮೇಲೆ, "ಆ ದೊರಿಗೋಳು ಬಿಟ್ಟ ತುತ್ತು ಯಾರು ತಿಂತಾರ? ಅದನ್ನೂ ಬರದಾರೇನು ನೋಡು" ಎಂದರು.

ಪುಟ ತಿರುವಿದೆ. ಬರೆದಿರಲಿಲ್ಲ. ಇಷ್ಟು ವರ್ಷ ನನಗೇಕೆ ಈ ಪ್ರಶ್ನೆ ಹೊಳೆಯಲಿಲ್ಲವೋ.

ಅತ್ತೆ ನಕ್ಕುಬಿಟ್ಟರು. "ಅರ್ಧಾನೇ ಬರದಾರ ಬಿಡು. ಓದಿದ ಹುಡುಗ ಏನ್ ಮಾಡ್ತಾನ ಪಾಪ! ಇನ್ನೊಮ್ಮಿ ಉಣ್ಣಾಕ ಕರಿ. ತಾಟು ತೊಳದು ಕುಡದಾ ಅಂದ್ರ ನನ್ನ ಒಪ್ಪಿಗಿ ಅದ."

ಮುಂದಿನ ಸೋಮವಾರ ಅವನನ್ನು ಕಳಿಸು. ತಾಟಿನ ಸಂಗತಿ ಮೊದಲೇ ಅವನ ಕಿವಿಗೆ ಹಾಕುವುದು ಬಿಡುವುದು ನಿನ್ನ ವಿವೇಕ. ಹಾಕಬೇಕೆಂದೇ ನನ್ನ ಆಸೆ.

ನಿನ್ನ,
ಅಮರಮ್ಮ

ತಾ.ಕ.: ಅತ್ತೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಅಂದು ತಾಟು ಎತ್ತಿದವಳು ಶರಣಮ್ಮ. ಆ ತುತ್ತು ಏನಾಯಿತೆಂದು ಕೇಳಿದರೆ ತಲೆ ತಗ್ಗಿಸಿ, "ಚೆಲ್ಲಾಕ ಮನಸಾಗ್ಲಿಲ್ಲ ಯವ್ವಾ" ಎಂದಳು. ಗಂಡ ಉಂಡ ತಾಟಿನಲ್ಲಿ ಉಣ್ಣುವುದು ಮದುವೆಯ ನಂತರದ ಮಾತು. ಇವಳು ಆಗಲೇ ಉಂಡು ಕೂತಿದ್ದಾಳೆ. ತಾಟಿನ ಸಂಗತಿ ಜಂಬಣ್ಣನ ಕಿವಿಗೆ ಹಾಕಿಯೇ ಕಳಿಸು.